ಚಿಂದಿ ಕಟ್ಟಿದ ಬಾಳೆಮರಿ

ರೋಜಾ ದರ್ಗಾದ ಉರುಸು ಮುಗಿದ ವಾರವೇ ತೋಟದಕ್ಕ ಕಮಲಾಪುರದಿಂದ ಬಸ್ಸು ಹಿಡಿದು ಕಲಬುರಗಿ ಅಂಚಿನ ಕೋಟನೂರಿನ ನಮ್ಮ ಆಫೀಸಿಗೆ ಬಂದರು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮೊದಲೇ ಚೀಲದಿಂದ ಹೊಸ ಮೊಬೈಲು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ರೋಜಾದ ಗದ್ದಲದಾಗ ಹಳೇ ಮೊಬೈಲ್ ಹೋತು ತಂಗಿ. ಹೋದ್ರ ಹೋಗ್ಲಿ. ಇದರಾಗ ನನ್ನ ತ್ವಾಟ ಹಾಕಿಕೊಡು," ಅಂದರು.

ನಾನು ಅವರನ್ನು ಕೂರಿಸಿ ನೀರು ಕೊಟ್ಟೆ. ಮುಖದಲ್ಲಿ ನಗು ಇಟ್ಟುಕೊಂಡಿದ್ದೆ, ಆದರೆ ಹೆದರಿಕೆಯಾಗಿತ್ತು. ಅವರು ಕೇಳುತ್ತಿದ್ದ ತೋಟ ಮಣ್ಣಿನದಲ್ಲ, ನಾವು ಮಾಡುತ್ತಿದ್ದ ವಿಡಿಯೋ ಗೇಮಿನದು. ಅದನ್ನು ಹೊಸ ಮೊಬೈಲಿಗೆ ಹಾಕಿಕೊಡುವುದು ನಮ್ಮ ಕೈಯಲ್ಲಿರಲಿಲ್ಲ.

ನಮ್ಮದು ಸಣ್ಣ ಕಂಪನಿ. ಮಾಲೀಕರು, ಪ್ರೋಗ್ರಾಮರ್, ಚಿತ್ರ ಬರೆಯುವ ಹುಡುಗಿ, ಮತ್ತು ಆಟದ ನಿಯಮ ಕಟ್ಟುವ ನಾನು. ಆಗ ನಾವು ಮಾಡುತ್ತಿದ್ದದ್ದು ಕಮಲಾಪುರದ ಕೆಂಪು ಬಾಳೆಯ ಆಟ. ಆಡುವವರು ಒಂದು ಬಾಳೆಮರಿಯಿಂದ ಶುರುಮಾಡಿ ತೋಟ ಬೆಳೆಸಬೇಕು. ತಾಯಿಗಿಡ ಒಂದೇ ಸಲ ಗೊನೆ ಬಿಟ್ಟು ಮುಗಿಯುತ್ತದೆ, ಬುಡದಲ್ಲಿ ಎದ್ದ ಮರಿಗಳು ಉಳಿಯುತ್ತವೆ. ಆ ಮರಿಗಳನ್ನು ಬೇರೆಯವರಿಗೆ ಕೊಡಬೇಕು, ಬೇರೆಯವರಿಂದ ಕೇಳಿ ಪಡೆಯಬೇಕು. ಕೊಟ್ಟಷ್ಟೂ ನಿಮ್ಮ ತೋಟದ ಹೆಸರು ಹರಡುತ್ತದೆ, ಅದೇ ಗೆಲುವು.

ಆಟವನ್ನು ಮಾರುಕಟ್ಟೆಗೆ ತರಲಿದ್ದ ಸಂಸ್ಥೆಯವರಿಗೆ ಬ್ಲಾಕ್‌ಚೈನ್ ಬೇಕೇ ಬೇಕಿತ್ತು. ಅವರ ಮೊದಲಿನ ಯೋಚನೆ ಎಂದರೆ ಮರಿಗಳನ್ನು ಇಷ್ಟೇ ಎಂದು ಮಿತಿ ಹಾಕಿ ಮಾರುವುದು. ಬಾಳೆಗೆ ಕೊರತೆ ಹುಟ್ಟಿಸಲು ಹೊರಟವರನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ವಾದ ಮಾಡಿ ಮಾಡಿ ಕೊನೆಗೆ ಒಪ್ಪಿಸಿದ್ದು ಇಷ್ಟು: ಯಾವ ಮರಿ ಯಾರ ತೋಟದಿಂದ ಯಾರಿಗೆ ಹೋಯಿತು ಎಂಬ ವಂಶಾವಳಿಯನ್ನು ಮಾತ್ರ ಚೈನಿನ ಮೇಲೆ ಬರೆಯೋಣ. ಅದರ ಪ್ರತಿ ನಮ್ಮ ಒಂದೇ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಎಷ್ಟೋ ಕಡೆ ಇರುತ್ತದೆ. ಬರೆದದ್ದನ್ನು ಯಾರೂ ಅಳಿಸಲಾರರು, ನಾವೂ ಅಳಿಸಲಾರೆವು. ನಾಳೆ ನಮ್ಮ ಕಂಪನಿ ಬಾಗಿಲು ಹಾಕಿದರೂ ಆಡಿದವರ ತೋಟ ಅವರದಾಗಿಯೇ ಇರುತ್ತದೆ. ಮಾಲೀಕರು ಖುಷಿಯಾಗಿ ಮೊದಲ ಪರದೆಯ ಮೇಲೆಯೇ ಬರೆಸಿಬಿಟ್ಟರು, ನೀವು ಬೆಳೆದದ್ದು ನಿಮ್ಮದೇ ಎಂದು.

ತೋಟದಕ್ಕ ನಮಗೆ ಬಾಳೆಯ ಬಗ್ಗೆ ಹೇಳಿಕೊಟ್ಟವರು. ಕಮಲಾಪುರದಲ್ಲಿ ಅವರದು ನಿಜವಾದ ಕೆಂಪು ಬಾಳೆ ತೋಟವಿದೆ. ಪರೀಕ್ಷೆಗೆಂದು ಆಟವನ್ನು ಕಮಲಾಪುರದ ಕೆಲವರಿಗೆ ಹಂಚಿದಾಗ ಮೊದಲ ಮರಿ ನೆಟ್ಟವರೂ ಅವರೇ. ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು ಎಂದು ಹೇಳಲಾರೆ. ಗೊಬ್ಬರ ಹಾಕುವುದನ್ನು ಮರೆತು, ನೀರು ಹೆಚ್ಚಾಗಿ ಹಾಕಿ, ನನಗೆ ಫೋನು ಮಾಡಿ ಬೈಯುತ್ತಿದ್ದರು. ಆದರೆ ದಿನಾ ಆಡುತ್ತಿದ್ದರು.

ಪ್ರತಿಯೊಬ್ಬರ ತೋಟಕ್ಕೂ ಒಂದು ಗುಪ್ತ ಕೀಲಿಕೈ ಇರುತ್ತದೆ. ಅದು ಅವರ ಮೊಬೈಲಿನೊಳಗೆ ಹುಟ್ಟಿ ಅಲ್ಲೇ ಉಳಿಯುತ್ತದೆ, ನಮ್ಮ ಕೈಗೆ ಸಿಗುವುದಿಲ್ಲ. ಮೊಬೈಲು ಹೋದರೆ ತೋಟ ಮರಳಿ ಪಡೆಯಲೆಂದು ಶುರುವಿನಲ್ಲೇ ಹನ್ನೆರಡು ಪದ ತೋರಿಸಿ, ಬರೆದು ಜೋಪಾನವಾಗಿ ಇಡಿ ಎಂದು ಹೇಳಿದ್ದೆವು.

"ಆ ಪದ ಬರದಿಟ್ಟ ಚೀಟಿ ಎಲ್ಲಿಟ್ಟೀರಿ ಅಕ್ಕಾರ?"

"ಜೋಪಾನ ಇಟ್ಟೀನಿ. ಮೊಬೈಲ್ ಕವರಿನ ಹಿಂದ."

ಪಕ್ಕದ ಮೇಜಿನ ಪ್ರೋಗ್ರಾಮರ್ ತಲೆ ಮೇಲೆ ಕೈ ಇಟ್ಟುಕೊಂಡ. ನನಗೆ ಬೈಯಲು ಬಾಯಿ ಬರಲಿಲ್ಲ. ನಮ್ಮೂರಲ್ಲಿ ಯಾರ ಮೊಬೈಲಿನ ಕವರು ಬಿಚ್ಚಿದರೂ ಹಿಂದೆ ಬಸ್ ಟಿಕೆಟ್ಟು, ಮಡಚಿದ ನೋಟು, ಪಾಸ್‌ಪೋರ್ಟ್ ಅಳತೆಯ ಫೋಟೋ, ತಾಯತ ಅಥವಾ ಅಂಗಾರದ ಪೊಟ್ಟಣ ಸಿಗುತ್ತದೆ. ಜೋಪಾನ ಎಂದರೆ ನಮಗೆ ಅದೇ ಜಾಗ. ನನ್ನ ಹನ್ನೆರಡು ಪದಗಳೂ ನನ್ನ ಮೊಬೈಲಿನ ಹಿಂದೆಯೇ ಇದ್ದವು.

ಕೀಲಿಕೈ ಹೋದರೆ ತೋಟಕ್ಕೆ ಕೈ ಹಾಕಲು ಯಾರಿಗೂ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ತೋಟ ಅಲ್ಲೇ ಇದೆ, ಎಲ್ಲರಿಗೂ ಕಾಣುತ್ತದೆ, ಹೆಸರೂ ಅವರದೇ. ಆದರೆ ಒಳಗೆ ಹೋಗಲಾಗದು. ಅವರು ಪೂರ್ತಿ ಕೇಳಿಸಿಕೊಂಡರು.

"ನೀವ ಮಾಡಿದ ಆಟ. ನಿಮಗ ಕೊಡಾಕ ಬರಂಗಿಲ್ಲಂದ್ರ ಹ್ಯಾಂಗ?"

"ಅದಕ್ಕ ಹಂಗ ಮಾಡೀವ್ರಿ, ನಮಗೂ ಬರಬಾರದಂತ."

"ಚಲೋ ಮಾಡೀರಿ," ಅಂದರು. ಆಮೇಲೆ ನಿಜವಾದ ಸಂಗತಿ ಹೊರಗೆ ಬಂತು. ತೋಟ ಹೋದದ್ದಕ್ಕೆ ಅವರಿಗೆ ಅಷ್ಟೊಂದು ಬೇಸರವಿರಲಿಲ್ಲ. ಆ ತೋಟದ ಒಂದು ಮರಿಯನ್ನು ಅವರು ತಮ್ಮ ನಾದಿನಿಗೆ ಕೊಡುತ್ತೇನೆ ಎಂದಿದ್ದರು.

ನಾದಿನಿ ಎಂದರೆ ಅವರ ಗಂಡನ ತಂಗಿ. ಅಪ್ಪನ ತೋಟದಲ್ಲಿ ತನ್ನ ಪಾಲು ಕೇಳಿ ಪಡೆದವರು. ಪಾಲಾದ ಮೇಲೆ ತನ್ನ ಭಾಗದ ಬಾಳೆ ತೆಗೆಸಿ ತೊಗರಿ ಹಾಕಿದರು. ಇಬ್ಬರ ಹೊಲದ ನಡುವೆ ಒಂದು ಬದು, ಮಾತು ಮಾತ್ರ ನಿಂತು ವರ್ಷಗಳಾಗಿದ್ದವು. ಹೀಗಿರುವಾಗ ನಮ್ಮ ಆಟದಲ್ಲಿ ಒಂದು ದಿನ ತೋಟದಕ್ಕನ ಪರದೆಯ ಮೇಲೆ ಕೋರಿಕೆ ಬಂತು: ನಿಮ್ಮ ತೋಟದ ಮರಿ ಬೇಕು. ಕೇಳಿದವರ ಹೆಸರು ನೋಡಿದರೆ ನಾದಿನಿ. ಇವರು 'ಕೊಡುತ್ತೇನೆ' ಒತ್ತಿದರು. ಮರಿ ಕೀಳುವಷ್ಟು ಬೆಳೆಯಲು ಕೆಲ ದಿನ ಬೇಕಿತ್ತು, ಅಷ್ಟರಲ್ಲಿ ಮೊಬೈಲು ಹೋಯಿತು.

"ಈಗ ಆಕಿ ಏನಂದ್ಕೊಂಡಿರ್ತಾಳ? ಕೊಡ್ತೀನಂದು ಆಸೆ ಹಚ್ಚಿ ಸುಮ್ನ ಕುಂತಾಳ ಅಂತಾಳ. ಮೊದಲೇ ನನ್ನ ಮ್ಯಾಲ ಸಿಟ್ಟದ," ಅಂದರು. ಕಣ್ಣು ತುಂಬಿತ್ತು. ಸೆರಗಿನಿಂದ ಮೊಬೈಲಿನ ಗಾಜು ಒರೆಸುತ್ತ ಕೂತರು.

ಅವರು ಹೋದ ಮೇಲೆ ನಾವು ಕೂತು ಮಾತಾಡಿದೆವು. ಮಾಲೀಕರದು ನೇರ ದಾರಿ. ಹೊಸ ಕಾಂಟ್ರ್ಯಾಕ್ಟಿನಲ್ಲಿ, ಅಂದರೆ ಚೈನಿನ ಮೇಲೆ ಕೂರಿಸುವ ನಿಯಮಗಳ ಪ್ರೋಗ್ರಾಮಿನಲ್ಲಿ, ಕಂಪನಿಗೆ ಒಂದು ಮಾಸ್ಟರ್ ಕೀಲಿಕೈ ಇಡೋಣ. ಯಾರ ತೋಟ ಬೇಕಾದರೂ ಎತ್ತಿ ಹೊಸ ಮೊಬೈಲಿಗೆ ಹಾಕಬಹುದು. ಹೇಗೂ ಮಾರುಕಟ್ಟೆಯ ಸಂಸ್ಥೆಯವರು ನೋಡಲು ಬರುವುದರೊಳಗೆ ಹೊಸ ಕಾಂಟ್ರ್ಯಾಕ್ಟ್ ಏರಿಸಿ, ಪರೀಕ್ಷೆಯ ಆಟದ ತೋಟಗಳನ್ನೆಲ್ಲ ಅದರ ಕೆಳಗೆ ತರುವುದಿತ್ತು.

"ಮಾಸ್ಟರ್ ಚಾವಿ ನಕ್ಕೋ ಸರ್," ಅಂದ ಪ್ರೋಗ್ರಾಮರ್. ಅವನು ರೋಜಾದ ಕಡೆಯವನು, ಬೇಡ ಎನ್ನುವುದನ್ನು ಮಾತ್ರ ಯಾವಾಗಲೂ ಮನೆಯ ಉರ್ದುವಿನಲ್ಲೇ ಹೇಳುತ್ತಾನೆ. "ಇವತ್ತ ಅಕ್ಕಾರಿಗಿ ಕೊಡಾಕ ಇಟ್ಟಿದ್ದು ನಾಳೆ ಯಾರದರ ಕಸಗೊಳ್ಳಾಕ ಬರ್ತದ. ಹಂಗಿದ್ರ ನಿಮ್ಮದೇ ಅಂತ ಬರದಿದ್ದು ಅಳಸ್ರಿ."

ನಿಜ ಹೇಳಬೇಕೆಂದರೆ ನಾನು ಮಾಲೀಕರ ಕಡೆಗೇ ವಾಲಿದ್ದೆ. ಆ ಹೆಂಗಸು ಸೆರಗಿನಿಂದ ಗಾಜು ಒರೆಸುವುದನ್ನು ನೋಡಿದ ಮೇಲೆ ತತ್ವದ ಮಾತು ಕೇಳುವ ತಾಳ್ಮೆ ನನಗಿರಲಿಲ್ಲ. ಜೊತೆಗೆ ಇನ್ನೊಂದು ಸುಲಭದ ಉಪಾಯವೂ ಹೊಳೆಯಿತು. ಅದೇ ಅಳತೆಯ, ಅಷ್ಟೇ ಗಿಡಗಳ ಹೊಸ ತೋಟವೊಂದನ್ನು ಅವರಿಗೆ ಮಾಡಿಕೊಡುವುದು. ಒಪ್ಪುತ್ತಾರೇನೋ ಕೇಳಿ ಬರೋಣವೆಂದು ಕಮಲಾಪುರಕ್ಕೆ ಹೊರಟೆ.

ನಾನು ಹೋದಾಗ ಗಂಡ ಹೆಂಡತಿ ಮರಿ ಕೀಳುತ್ತಿದ್ದರು. ಗಂಡ ಹಾರೆಯಿಂದ ತಾಯಿಗಿಡಕ್ಕೆ ಪೆಟ್ಟಾಗದಂತೆ ಮರಿಯನ್ನು ಗಡ್ಡೆ ಸಮೇತ ಬಿಡಿಸುತ್ತಿದ್ದರು, ಇವರು ಬೇರು ಸವರಿ, ಎಲೆ ಕತ್ತರಿಸಿ, ಸೆಗಣಿ ನೀರಿನಲ್ಲಿ ಅದ್ದಿ ನೆರಳಿಗಿಡುತ್ತಿದ್ದರು. ನನ್ನ ಉಪಾಯ ಹೇಳಿದೆ.

"ವಂಶಾವಳಿಯೊಳಗ ಏನಂತ ಬರ್ತದ ಅದು?" ಕೇಳಿದರು.

"ಕಂಪನಿ ಕೊಟ್ಟಿದ್ದು ಅಂತ ಬರ್ತದ್ರಿ."

"ಮತ್ತ? ನಾ ಕೊಡ್ತೀನಂದಿದ್ದು ನನ್ನ ತ್ವಾಟದ್ದು. ಕಂಪನಿ ಮರಿ ಕೊಟ್ರ ಆಕಿ ಮುಖದ ಮ್ಯಾಲ ಒಗೀತಾಳ." ಅಷ್ಟು ಹೇಳಿ ಇನ್ನೊಂದು ಮರಿಗೆ ಕೈ ಹಾಕಿದರು.

ಸಾಲಿನಲ್ಲಿ ಕೆಲವು ಮರಿಗಳ ಕುತ್ತಿಗೆಗೆ ಹಳೆ ಸೀರೆಯ ಚಿಂದಿ ಕಟ್ಟಿತ್ತು. ಗಂಡ ಅವುಗಳನ್ನು ಮುಟ್ಟದೆ ಮುಂದಕ್ಕೆ ಹೋಗುತ್ತಿದ್ದರು. ಆ ಪದ್ಧತಿ ನನಗೆ ಹೊಸದಲ್ಲ. ಯಾರಿಗಾದರೂ ಮರಿ ಕೊಡುತ್ತೇನೆ ಎಂದ ದಿನವೇ ಅದಕ್ಕೆ ಚಿಂದಿ ಕಟ್ಟುತ್ತಾರೆ. ಕೀಳುವತನಕ ಅದು ಇವರ ನೆಲದಲ್ಲೇ ಬೆಳೆದರೂ ಇವರದಲ್ಲ. ನಮ್ಮ ಆಟದಲ್ಲೂ 'ಕೊಡುತ್ತೇನೆ' ಒತ್ತಿದರೆ ಮರಿಗೆ ಒಂದು ಕೆಂಪು ಚಿಂದಿ ಬರುತ್ತದೆ. ಚೆಂದ ಕಾಣುತ್ತದೆಂದು ಹಾಕಿದ್ದೆ, ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಚಹಾ ಕುಡಿಯುವಾಗ ಸುಮ್ಮನೆ ಕೇಳಿದೆ, ನಿಜವಾದ ತೋಟ ಪೂರ್ತಿ ಹಾಳಾದರೆ ಏನು ಮಾಡುತ್ತೀರಿ ಎಂದು.

"ಆಗಿತ್ತಲ್ಲ ಒಮ್ಮೆ," ಅಂದರು ಗಂಡ. "ಗಾಳಿ ಬಂದು ಎಲ್ಲಾ ಮಲಗಿಸಿಬಿಟ್ಟಿತ್ತು. ನೆಲದಾಗ ನೀರು ನಿಂತು ಗಡ್ಡಿ ಸುದ್ದಾ ಕೊಳೀತು. ಯಾರ್ಯಾರಿಗಿ ಮರಿ ಕೊಟ್ಟಿದ್ದಿವೋ ಅವರೆಲ್ಲಾ ತಿರುಗಿ ತಂದು ಕೊಟ್ರು. ನಮ್ಮ ಬೀಜನೇ ಅಲ್ಲೇನ್ರಿ ಅದು, ಅವರ ಕಡೆ ಉಳದಿತ್ತು."

"ಚಿಂದಿ ಕಟ್ಟಿಸ್ಕೊಂಡೋರೂ ಬಂದಿದ್ರು," ಅಂದರು ತೋಟದಕ್ಕ. "ಅವರಿಗಿನ್ನಾ ಮರಿ ಕೊಟ್ಟಿರಲಿಲ್ಲ. ಆದ್ರೂ ಬಂದು ಬಿದ್ದ ಗಿಡ ಎತ್ತಿದ್ರು. ಅವರದೂ ಇತ್ತಲ್ಲ ಅದರಾಗ ಒಂದು."

ಇಬ್ಬರೂ ಹಳೆಯ ಮಳೆಗಾಲವೊಂದರ ನೆನಪು ಹೇಳುತ್ತಿದ್ದರು ಅಷ್ಟೇ. ನನಗೆ ಮಾತ್ರ ಬಸ್ಸಿನಲ್ಲಿ ಕೂತ ಮೇಲೂ ಅದೇ ಗುಂಗು. ಕಲಬುರಗಿ ಬರುವಷ್ಟರಲ್ಲಿ ನಿಯಮ ತಲೆಯಲ್ಲಿ ಕೂತಿತ್ತು. ತೋಟ ಕಳೆದುಕೊಂಡವರನ್ನು ಕಂಪನಿ ಗುರುತಿಸುವುದು ಬೇಡ, ಅವರ ಮರಿ ಪಡೆದವರು ಗುರುತಿಸಲಿ. ಇವರೇ ಹೌದು ಎಂದು ಅವರು ಸಾಕ್ಷಿ ಹೇಳಿದರೆ ತೋಟ ಹೊಸ ಮೊಬೈಲಿಗೆ ಹೋಗಲಿ.

ಪ್ರೋಗ್ರಾಮರ್ ಕೇಳಿ ಗಡ್ಡ ಕೆರೆದುಕೊಂಡ. "ಆಗ್ತದ. ಎಷ್ಟು ಮಂದಿ ಹೌದಂದ್ರ ಸಾಕು?"

ಇಬ್ಬರು ಸಾಕೆಂದು ಇಟ್ಟು ಆಫೀಸಿನಲ್ಲೇ ಆಡಿ ನೋಡಿದೆವು. ಊಟದ ಹೊತ್ತಿಗೆ ಪ್ರೋಗ್ರಾಮರ್ ಮತ್ತು ಚಿತ್ರದ ಹುಡುಗಿ ಸೇರಿ ಸುಳ್ಳು ಸಾಕ್ಷಿ ಹೇಳಿ ಮಾಲೀಕರ ತೋಟವನ್ನು ಹುಡುಗಿಯ ಇನ್ನೊಂದು ಮೊಬೈಲಿಗೆ ಸಾಗಿಸಿದ್ದರು. ಮಾಲೀಕರು ಸಂಜೆಯತನಕ ಮುಖ ಊದಿಸಿಕೊಂಡಿದ್ದರು. ಹಾಗಾಗಿ ಮೂವರು ಎಂದು ಮಾಡಿದೆವು. ಸಾಕ್ಷಿಯಾದ ಮೇಲೂ ಒಂದು ವಾರ ಕಾಯಬೇಕು, ಅಷ್ಟರಲ್ಲಿ ಹಳೆಯ ಕೀಲಿಕೈಯಿಂದ ತಕರಾರು ಬಂದರೆ ಎಲ್ಲ ರದ್ದು. ದೂರದಿಂದ ಬಟನ್ ಒತ್ತುವ ಹಾಗಿಲ್ಲ, ಎದುರಿಗೆ ನಿಂತು ಅವರ ಹೊಸ ಮೊಬೈಲಿನ ಮೇಲಿನ ಕೋಡನ್ನು ಸ್ಕ್ಯಾನ್ ಮಾಡಿಯೇ ಸಾಕ್ಷಿ ಹೇಳಬೇಕು. ಈ ಕೊನೆಯ ನಿಯಮ ನನ್ನದು. ಕಳ್ಳರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ.

ಆಮೇಲೆ ತೋಟದಕ್ಕ ಯಾರಿಗೆಲ್ಲ ಮರಿ ಕೊಟ್ಟಿದ್ದಾರೆಂದು ನೋಡಿದೆವು. ಅವರ ಮಗಳು, ಕಮಲಾಪುರದ ರಸ್ತೆ ಬದಿಯಲ್ಲಿ ಬಾಳೆಹಣ್ಣು ಮಾರುವ ಒಬ್ಬ ಹೆಂಗಸು, ಮತ್ತು ನಾನು. ಮೂವರಾದೆವು ಎಂದು ಉಸಿರು ಬಿಟ್ಟೆ.

"ಮೇಡಂ, ನೀವು ಬ್ಯಾಡ್ರಿ," ಅಂದ ಪ್ರೋಗ್ರಾಮರ್. "ಆಟ ಮಾಡಿದೋರು ಸಾಕ್ಷಿ ಹೇಳಿದ್ರ ಅದು ಮಾಸ್ಟರ್ ಚಾವಿನೇ ಆತು. ಹಿತ್ತಲ ಬಾಗಿಲಿಂದ ಬಂತು ಅಷ್ಟೇ."

ನನಗೆ ಅವನ ಮೇಲೆ ರೇಗಿತು. ರೇಗಿದ್ದೂ ಅವನ ಮಾತು ಸರಿ ಇದ್ದದ್ದಕ್ಕೇ. ಮಾಲೀಕರು ಇದೊಂದು ಸಲ ಇಬ್ಬರು ಸಾಕೆಂದು ಇಡೋಣ ಅಂದರು. ಒಬ್ಬರ ಮುಖ ನೋಡಿ ನಿಯಮ ಸಡಿಲಿಸಿದರೆ ನಾಳೆ ಮಾಲೀಕರ ತೋಟ ಮತ್ತೆ ಹೋಗುತ್ತದೆ ಎಂದು ಪ್ರೋಗ್ರಾಮರ್ ನೆನಪಿಸಿದ ಮೇಲೆ ಆ ಮಾತು ಬಿಟ್ಟರು. ಆಗ ನನಗೆ ಚಿಂದಿ ನೆನಪಾಯಿತು. ಮರಿ ಪಡೆದವರು ಮಾತ್ರ ಯಾಕೆ, ಚಿಂದಿ ಕಟ್ಟಿಸಿಕೊಂಡವರೂ ಸಾಕ್ಷಿಯಾಗಲಿ. ನಿಜವಾದ ತೋಟ ಬಿದ್ದಾಗ ಅವರೂ ಬಂದಿದ್ದರಲ್ಲ. ಹಾಗೆ ಮಾಡಿದರೆ ಮೂರನೆಯ ಸಾಕ್ಷಿ ಇರುವುದು ಒಬ್ಬರೇ, ನಾದಿನಿ.

ಪ್ರೋಗ್ರಾಮರ್ ಒಪ್ಪಿದ. ಮರುದಿನ ಸಪ್ಪೆ ಮುಖ ಮಾಡಿಕೊಂಡು ಬಂದ. 'ಕೊಡುತ್ತೇನೆ' ಎಂದದ್ದನ್ನೆಲ್ಲ ಹಳೆಯ ಕಾಂಟ್ರ್ಯಾಕ್ಟು ಚೈನಿನ ಮೇಲೆ ಬರೆದಿತ್ತು, ಆದರೆ ಬರಿ ಘೋಷಣೆಯಾಗಿ. ನಾವು ಹೊರಗಿನಿಂದ ಓದಬಹುದು, ಇನ್ನೊಂದು ಕಾಂಟ್ರ್ಯಾಕ್ಟು ತಾನಾಗಿ ಓದಲಾರದು. ಕೆಲಸ ಅಲ್ಲಿಗೇ ನಿಂತಿತು. ಕೆಲವು ದಿನ ತಿಣುಕಾಡಿ ಅವನೇ ದಾರಿ ಹುಡುಕಿದ. ಆಟದಲ್ಲಿ ಕಟ್ಟಿದ ಎಲ್ಲ ಚಿಂದಿಗಳನ್ನೂ ಚೈನಿನಿಂದ ಓದಿ ಜೋಡಿ ಜೋಡಿಯಾಗಿ ಸೇರಿಸುತ್ತ ಹೋಗಿ, ಕೊನೆಗೆ ಉಳಿಯುವ ಒಂದೇ ಒಂದು ಗುರುತನ್ನು ಹೊಸ ಕಾಂಟ್ರ್ಯಾಕ್ಟಿನಲ್ಲಿ ಮುದ್ರೆಯಂತೆ ಇಟ್ಟ. ಸಾಕ್ಷಿ ಹೇಳಲು ಬಂದವರ ಚಿಂದಿ ಅದರಲ್ಲಿ ಸೇರಿದ್ದೇ ಎಂದು ಕಾಂಟ್ರ್ಯಾಕ್ಟು ಇದರಿಂದಲೇ ತಿಳಿಯುತ್ತದೆ. ಒಂದು ಚಿಂದಿ ಹೆಚ್ಚು ಕಡಿಮೆಯಾದರೂ ಮುದ್ರೆ ತಾಳೆಯಾಗುವುದಿಲ್ಲ. ಬೇಕಾದವರು ತಾವೇ ಲೆಕ್ಕ ಹಾಕಿ ನೋಡಬಹುದು, ನಮ್ಮನ್ನು ನಂಬಬೇಕಾಗಿಲ್ಲ. ಅದನ್ನು ಏರಿಸಿದ ದಿನ ಅವನು ಎಲ್ಲರಿಗೂ ರೋಜಾದಿಂದ ಮಿಠಾಯಿ ತಂದ.

ಮಗಳು, ಹಣ್ಣಿನ ಹೆಂಗಸು ಇಬ್ಬರ ಸಾಕ್ಷಿ ಸಲೀಸಾಗಿ ಬಂತು. ಮೂರನೆಯದು ಬರಲಿಲ್ಲ. ದಿನಾ ಬೆಳಿಗ್ಗೆ ಬಂದವಳೇ ಪರದೆ ನೋಡುತ್ತಿದ್ದೆ. ಕೊನೆಗೆ ಫೋನು ಮಾಡಿದೆ.

"ಆಕಿ ಮುಂದ ಹೋಗಿ ನಾ ನಿಲ್ಲಂಗಿಲ್ಲ ತಂಗಿ," ಅಂದರು ತೋಟದಕ್ಕ. "ಏನಂತ ಕೇಳ್ಲಿ? ನಾ ಯಾರಂತ ಹೇಳು ಅಂತ ಆಕೀಗಿ ಕೇಳ್ಲೇನು?"

ಎದುರಿಗೆ ನಿಂತೇ ಸಾಕ್ಷಿ ಹೇಳಬೇಕೆಂದು ನಿಯಮ ಬರೆದವಳು ನಾನೇ. ಆ ಹೊತ್ತಿನಲ್ಲಿ ಅದನ್ನು ಕಿತ್ತು ಹಾಕುವಷ್ಟು ಬೇಜಾರಾಗಿತ್ತು, ಆದರೆ ಕಾಂಟ್ರ್ಯಾಕ್ಟು ಆಗಲೇ ಏರಿಯಾಗಿತ್ತು. ಮತ್ತೆ ಬಸ್ಸು ಹಿಡಿದೆ. ನಾದಿನಿಯ ಮನೆಗೆ ನಾನೇ ಹೋಗಿ ತಿಳಿಸಿ ಹೇಳುವ ವಿಚಾರವಿತ್ತು. ತೋಟದಕ್ಕನ ಗಂಡ ತಡೆದರು. "ನೀವು ಹೋದ್ರ ಆಕಿ ನಿಮಗ ಹೌದಂದಂಗ ಆಗ್ತದ. ಇವಳಿಗಿ ಅನ್ನಬೇಕಾಗ್ಯಾದ," ಅಂದು, ಹೆಂಡತಿಯ ಕಡೆ ತಿರುಗಿದರು. "ಹೋಗಿ ಬದುವಿನ ಮ್ಯಾಲ ನಿಲ್ಲು. ಹೊಲದಾಗೇ ಅದಾಳ."

ತೋಟದಕ್ಕ ಎದ್ದರು. ಮುಖ ತೊಳೆದು, ಸೀರೆ ಸರಿ ಮಾಡಿಕೊಂಡು, ಮೊಬೈಲು ಹಿಡಿದು ನಡೆದರು. ನಾನು ಹಿಂದೆ ಹೋದೆ. ಬದುವಿನ ಆಚೆ ತೊಗರಿ ಸಾಲಿನಲ್ಲಿ ಕಸ ಕೀಳುತ್ತಿದ್ದ ನಾದಿನಿ ತಲೆ ಎತ್ತಿ ನೋಡಿ, ಮತ್ತೆ ಬಗ್ಗಿ, ಹಿಡಿದ ಸಾಲು ಮುಗಿಸಿಯೇ ಎದ್ದು ಬಂದರು. ಅಷ್ಟು ಹೊತ್ತೂ ಇವರು ನಿಂತೇ ಇದ್ದರು.

"ಏನ್ರಿ ವೈನಿ. ಕೊಡ್ತೀನಂದು ಕಾಣೆನೇ ಆದ್ರಲ್ಲ."

"ಮೊಬೈಲ್ ಹೋತು ಉರುಸಿನ್ಯಾಗ."

"ಹೋತಂತ ಹೇಳಾಕ ಏನಾಗಿತ್ತು? ಇಲ್ಲೇ ಇದ್ದೀನಲ್ಲ."

"ಮಾತು ಬಿಟ್ಟಿದ್ದಿವಲ್ಲ," ಅಂದರು ತೋಟದಕ್ಕ.

ನಾದಿನಿ ಬಲಗೈಯ ಮಣ್ಣನ್ನು ಸೆರಗಿಗೆ ಒರೆಸಿ, ಸೊಂಟದ ಚೀಲದಿಂದ ತಮ್ಮ ಮೊಬೈಲು ತೆಗೆದರು. ತೋಟದಕ್ಕ ತಮ್ಮದನ್ನು ಬದುವಿನ ಈಚೆಯಿಂದ ಚಾಚಿ ಹಿಡಿದರು. ಬಿಸಿಲು ಗಾಜಿಗೆ ಹೊಡೆದು ಕೋಡು ಒಂದೇ ಸಲಕ್ಕೆ ಸಿಗಲಿಲ್ಲ. ನಾದಿನಿ ಇನ್ನೊಂದು ಕೈಯಿಂದ ಇವರ ಮಣಿಕಟ್ಟು ಹಿಡಿದು ತಮ್ಮ ನೆರಳಿಗೆ ತಿರುಗಿಸಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ನಾನೇ ಬರೆದ ಪ್ರಶ್ನೆ ಬಂತು. ಅವರು ಅದನ್ನು ಗಟ್ಟಿಯಾಗಿ ಓದಿದರು.

"ಇವರು ನಿಮಗೆ ಗೊತ್ತೇ?" ಓದಿ ನನ್ನ ಕಡೆ ನೋಡಿದರು. "ಇದೇನ್ ಕೇಳ್ತದ್ರಿ ಇದು? ನಮ್ಮಣ್ಣನ ಹೆಂಡತಿ ನನಗ ಗೊತ್ತಿಲ್ಲೇನು?"

'ಹೌದು' ಒತ್ತಿ ಮೊಬೈಲು ಚೀಲಕ್ಕೆ ಹಾಕಿಕೊಂಡು ತಮ್ಮ ಸಾಲಿಗೆ ಹೊರಟುಹೋದರು. ತೋಟದಕ್ಕ ಮಣಿಕಟ್ಟಿಗೆ ಹತ್ತಿದ ಮಣ್ಣನ್ನು ಒರೆಸದೆ ಹಾಗೆಯೇ ಮನೆಗೆ ನಡೆದರು.

ಕಾಯುವ ವಾರದಲ್ಲಿ ಹಳೆಯ ಕೀಲಿಕೈಯಿಂದ ತಕರಾರು ಬರಲಿಲ್ಲ. ತೋಟ ಹೊಸ ಮೊಬೈಲಿಗೆ ಬಂತು, ಚಿಂದಿ ಕಟ್ಟಿದ ಮರಿ ನಾದಿನಿಗೆ ಹೋಯಿತು. ಸಂಸ್ಥೆಯವರು ಬಂದು ನೋಡಿ, ಒಂದಿಷ್ಟು ತಲೆದೂಗಿ, ಬಣ್ಣ ಇನ್ನೂ ಗಾಢವಾಗಿರಲಿ ಎಂದು ಹೇಳಿ ಹೋದರು. ನಾನು ನನ್ನ ಹನ್ನೆರಡು ಪದಗಳ ಚೀಟಿಯನ್ನು ಮೊಬೈಲಿನ ಹಿಂದಿನಿಂದ ತೆಗೆದು ಹರಿದೆ, ನನ್ನ ಮರಿ ಪಡೆದವರಿದ್ದಾರಲ್ಲ.

ಅದಾದ ಮೇಲೆ ಆಟದ ಕೆಲಸಕ್ಕೆಂದು ಇನ್ನೊಮ್ಮೆ ಕಮಲಾಪುರಕ್ಕೆ ಹೋಗಿದ್ದೆ. ತೋಟದಕ್ಕನ ಜೊತೆ ಬಾಳೆಯ ಸಾಲಿನಲ್ಲಿ ನಡೆಯುವಾಗ ಬದುವಿನ ಪಕ್ಕದ ತಾಯಿಗಿಡದ ಬುಡದಲ್ಲಿ ಒಂದು ದಪ್ಪ ಮರಿ ಕಂಡಿತು. ಎಲೆ ಕತ್ತಿಯಂತೆ ನೇರ ಎದ್ದಿತ್ತು, ಕುತ್ತಿಗೆಗೆ ಹಸಿರು ಸೀರೆಯ ಹೊಸ ಚಿಂದಿ.

"ಇದು ಯಾರಿಗ್ರಿ ಅಕ್ಕಾರ?"

ಅವರು ಬದುವಿನ ಆಚೆಯ ತೊಗರಿ ಕಡೆ ಗದ್ದ ಎತ್ತಿ ತೋರಿಸಿದರು.

"ಆಕೀದು. ಇನ್ನಾ ಕೇಳಿಲ್ಲ ಆಕಿ," ಅಂದು, ಸಡಿಲವಾಗಿದ್ದ ಚಿಂದಿಯ ಗಂಟನ್ನು ಬಿಗಿ ಮಾಡಿದರು.